ಘಟ್ಟ ಹತ್ತುವ ಸೈಕಲ್‌ಗೆ ಎಷ್ಟು ಹಲ್ಲಿನ ಗೇರ್?

ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲಿ ನಿಂತು ನೋಡಿ. ಲಕ್ಷ ರೂಪಾಯಿಯ ರೋಡ್ ಬೈಕನ್ನು ತಳ್ಳಿಕೊಂಡು ಹೋಗುವವರು ಕಾಣುತ್ತಾರೆ. ಅವರನ್ನು ದಾಟಿಕೊಂಡು ಹಳೇ ಎಂಟಿಬಿಯೊಂದು (ಮೌಂಟೇನ್ ಬೈಕ್) ನಿಧಾನಕ್ಕೆ ಮೇಲೆ ಹೋಗುತ್ತದೆ. ತಳ್ಳುವವರ ಕಾಲಿಗೆ ಬಲ ಕಮ್ಮಿ ಅಂತೇನಿಲ್ಲ, ಹಲ್ಲಿನ ಲೆಕ್ಕ ತಪ್ಪಿರುತ್ತದೆ.

ಮೊದಲು ಎಣಿಸಿ. ಮುಂದೆ ಪೆಡಲ್ ಬಳಿಯ ಚಿಕ್ಕ ಹಲ್ಲುಚಕ್ರದ (ರಿಂಗ್) ಹಲ್ಲುಗಳನ್ನು ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ. ಮುಂದೆ 34, ಹಿಂದೆ 28 ಇದ್ದರೆ 1.2 ಬರುತ್ತದೆ. ಪೆಡಲ್ ಒಂದು ಸುತ್ತಿಗೆ ಗಾಲಿ 1.2 ಸುತ್ತು, ಅಂದರೆ ಸುಮಾರು ಎರಡೂವರೆ ಮೀಟರ್.

ಆಮೇಲೆ ನಿಮ್ಮ ವೇಗ ನೋಡಿಕೊಳ್ಳಿ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿ ಘಾಟ್‌ನಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ನಮ್ಮಂಥವರು ಗಂಟೆಗೆ 7 ಕಿ.ಮೀ. ಹೋದರೆ ದೊಡ್ಡದು. ಆ ವೇಗದಲ್ಲಿ 34/28 ಗೇರ್ ನಿಮಿಷಕ್ಕೆ ಬರೀ 46 ಸುತ್ತು ತುಳಿಸುತ್ತದೆ. ಸುತ್ತು ಕಮ್ಮಿಯಾದಷ್ಟೂ ಒಂದೊಂದು ತುಳಿತಕ್ಕೆ ಬಲ ಜಾಸ್ತಿ ಬೇಕು, ಮಂಡಿ ಹೋಗುವುದೇ ಹೀಗೆ. ಹಿಂದೆ 34 ಹಲ್ಲು ಹಾಕಿದರೆ 55 ದಾಟುತ್ತದೆ. ಎಂಟಿಬಿಯ 24/28ರಲ್ಲಿ 65ರ ಹತ್ತಿರ. ರೋಡ್ ಬೈಕ್‌ಗೆ ಒಂದಕ್ಕಿಂತ ದೊಡ್ಡ ಅನುಪಾತ ಇಟ್ಟುಕೊಂಡು ಉದ್ದ ಘಟ್ಟಕ್ಕೆ ಹೋಗಲೇಬೇಡಿ. ಬ್ಯಾಗ್ ಕಟ್ಟಿದ್ದರೆ ಇನ್ನೂ ಇಳಿಸಿ. 11-25 ಕ್ಯಾಸೆಟ್ (11ರಿಂದ 25 ಹಲ್ಲಿನವರೆಗಿನ ಹಿಂದಿನ ಹಲ್ಲುಚಕ್ರಗಳ ಗೊಂಚಲು) ನೋಡೋಕೆ ಚೆಂದ, ಅಷ್ಟೇ. 11ರ ಹಲ್ಲು ಇಳಿಜಾರಿಗೆ ಬೇಕು ಅನ್ನುತ್ತಾರೆ. ಅಲ್ಲಿ ಕೈಯೆಲ್ಲ ಬ್ರೇಕ್ ಮೇಲಿರುತ್ತದಲ್ವಾ?

ಕ್ಯಾಸೆಟ್ ಬದಲಿಸುವಾಗಲೇ ಎಲ್ಲರೂ ಎಡವುವುದು. ಅಂಗಡಿಯೊಂದರಲ್ಲಿ ನನಗೆ 34ರ ಕ್ಯಾಸೆಟ್ ಹಾಕಿ ಹಳೇ ಚೈನನ್ನೇ ಬಿಟ್ಟಿದ್ದರು. ಮುಂದೆಯೂ ದೊಡ್ಡದು, ಹಿಂದೆಯೂ ದೊಡ್ಡದು ಬಿದ್ದ ಕೂಡಲೇ ಚೈನ್ ಬಿಗಿದು, ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ತೂಗುವ ಹ್ಯಾಂಗರ್ ಮುರಿಯಿತು. ಆಟೋದಲ್ಲಿ ಮನೆಗೆ ಬಂದೆ.

ಹಾಗಾಗಿ ಮೊದಲು ಹಿಂದಿನ ಡಿರೇಲರ್ ಎಷ್ಟು ಹಲ್ಲಿನವರೆಗೆ ಹೊರುತ್ತದೆ ನೋಡಿ. ಚಿಕ್ಕ ತೋಳಿನವು ಹೆಚ್ಚಾಗಿ 28ಕ್ಕೋ 30ಕ್ಕೋ ನಿಲ್ಲುತ್ತವೆ. ಸಡಿಲವಾದ ಚೈನನ್ನು ಎಳೆದುಕೊಳ್ಳುವ ಅದರ ಸಾಮರ್ಥ್ಯವೂ ಮುಖ್ಯ. ಮುಂದಿನ 50 ಮತ್ತು 34ರ ರಿಂಗ್‌ಗಳ ಜೊತೆಗೆ ಹಿಂದೆ 11-34 ಹಾಕಿದರೆ ಮುಂದೆ 16, ಹಿಂದೆ 23 ಹಲ್ಲಿನ ಅಂತರ. ಎರಡೂ ಕೂಡಿದರೆ 39. ಇಷ್ಟನ್ನು ಉದ್ದ ತೋಳಿನದೇ ನಿಭಾಯಿಸಬೇಕು. ಡಿರೇಲರನ್ನು ಕೆಳಗಿಳಿಸಲು ಹ್ಯಾಂಗರ್‌ಗೆ ಸಿಕ್ಕಿಸುವ ಅಗ್ಗದ ಎಕ್ಸ್‌ಟೆಂಡರ್ ನನಗೆ ಸೇರುವುದಿಲ್ಲ. ಡಿರೇಲರನ್ನೇ ಬದಲಿಸಿ.

ಈಗ ಹೊಸ ಚೈನ್. ಡಿರೇಲರ್ ಒಳಗೆ ತೂರಿಸದೆ ಮುಂದಿನ ದೊಡ್ಡದು, ಹಿಂದಿನ ದೊಡ್ಡದರ ಮೇಲೆ ಸುತ್ತಿ ಎಳೆಯಿರಿ. ತುದಿಗಳು ಕೂಡುವ ಜಾಗದಿಂದ ಎರಡು ಕೊಂಡಿ, ಅಂದರೆ ಒಂದು ಇಂಚು, ಜಾಸ್ತಿ ಬಿಟ್ಟು ಕತ್ತರಿಸಿ. ಹಳೇ ಚೈನ್‌ಗೆ ತುಂಡು ಸೇರಿಸುವ ಜಾಣತನ ಬೇಡ. ಆಮೇಲೆ ಎರಡೂ ಕಡೆ ಚಿಕ್ಕದಕ್ಕೆ ಹಾಕಿ. ಚೈನ್ ಜೋತುಬಿದ್ದರೆ ಡಿರೇಲರ್ ಸಾಮರ್ಥ್ಯ ಸಾಲದು ಅಂತಲೇ ಅರ್ಥ. ಡಿರೇಲರ್‌ನ ಮೇಲಿನ ಪುಟ್ಟ ಗಾಲಿ 34ರ ಹಲ್ಲಿಗೆ ಉಜ್ಜುತ್ತಿದ್ದರೆ ಬಿ ಸ್ಕ್ರೂ (ಆ ಗಾಲಿಯನ್ನು ಹಲ್ಲಿನಿಂದ ದೂರ ಸರಿಸುವ ಸ್ಕ್ರೂ) ಬಿಗಿ ಮಾಡಿ, ಸಣ್ಣ ಸಂದು ಬರುವಷ್ಟು.

ಸ್ಪೀಡ್ ಸಂಖ್ಯೆ, ಅಂದರೆ ಹಿಂದಿನ ಹಲ್ಲುಚಕ್ರಗಳ ಎಣಿಕೆ, ಕ್ಯಾಸೆಟ್, ಚೈನ್, ಡಿರೇಲರ್ ಎಲ್ಲಕ್ಕೂ ಹೊಂದಬೇಕು, ಅದು ಗೊತ್ತಿರುವುದೇ.

ಘಟ್ಟಕ್ಕೆ ಹೊರಡುವ ಮೊದಲು ಮನೆ ಹತ್ತಿರದ ಫ್ಲೈಓವರನ್ನು ನಾಲ್ಕು ಸಲ ಹತ್ತಿ, ಪೆಡಲ್ ಮೇಲೆ ಭಾರ ಹಾಕಿಯೇ ಗೇರ್ ಬದಲಿಸಿ. ಕಟಕಟ ಅಂದರೆ ಅಂದೇ ಸರಿಮಾಡಿಸಿ.