ಜಾರ್ಜ್ ಮೈಕಲ್ ಅವರ ‘ಫ್ರೀಡಂ’ ನನ್ನ ದನಿಯಲ್ಲಿ

ಬ್ರಿಟಿಷ್ ಪಾಪ್ ಗಾಯಕ ಜಾರ್ಜ್ ಮೈಕಲ್ ಅವರ ‘ಫ್ರೀಡಂ ’90’ ಹಾಡು ಶುರುವಾದರೆ ಜನ ಎದ್ದು ಕುಣಿಯುತ್ತಾರೆ. ವೇದಿಕೆಯಲ್ಲಿ ಅದನ್ನು ಹಾಡುವ ನನಗೆ ಮಾತ್ರ ಅದು ಕಲಾವಿದನೊಬ್ಬ ತನ್ನ ಕೇಳುಗರ ಮುಂದಿಡುವ ಅಹವಾಲು. ಅದಕ್ಕೇ ಚರಣಗಳನ್ನು ಮೈಕಿಗೆ ತೀರ ಹತ್ತಿರ ನಿಂತು, ತಗ್ಗಿದ ದನಿಯಲ್ಲಿ, ಮಾತಾಡಿದಂತೆ ಹಾಡುತ್ತೇನೆ. ದನಿ ಏರಿಸುವುದು ಪಲ್ಲವಿಯಲ್ಲಷ್ಟೇ.

ಸೈಪ್ರಸ್‌ನಿಂದ ಲಂಡನ್ನಿಗೆ ಬಂದ ಗ್ರೀಕ್ ತಂದೆಯ ಮಗ ಅವರು. ಜಾರ್ಜ್ ಮೈಕಲ್ ಎಂಬುದು ವೇದಿಕೆಯ ಹೆಸರು. 1987ರ ‘ಫೇತ್’ ಆಲ್ಬಮ್ಮಿನ ಕಾಲದ ಚರ್ಮದ ಜಾಕೆಟ್ಟು, ಕಪ್ಪು ಕನ್ನಡಕ, ಗಿಟಾರು ಅವರನ್ನು ಜಗತ್ತಿನ ಗೋಡೆಗಳ ಮೇಲಿನ ಚಿತ್ರವಾಗಿಸಿದ್ದವು. 1990ರಲ್ಲಿ ಈ ಹಾಡು ಬಂದಾಗ, ಡೇವಿಡ್ ಫಿಂಚರ್ ನಿರ್ದೇಶಿಸಿದ ವಿಡಿಯೊದಲ್ಲಿ ಅವರು ಕಾಣಿಸಿಕೊಳ್ಳಲೇ ಇಲ್ಲ. ನವೋಮಿ ಕ್ಯಾಂಪ್‌ಬೆಲ್, ಸಿಂಡಿ ಕ್ರಾಫರ್ಡ್ ಮೊದಲಾದ ರೂಪದರ್ಶಿಯರು ಅವರ ದನಿಗೆ ತುಟಿಯಾಡಿಸಿದರು. ಆ ಜಾಕೆಟ್ಟು ಹೊತ್ತಿ ಉರಿಯಿತು, ಗಿಟಾರು ಸಿಡಿದು ಚೂರಾಯಿತು. ತಾನು ಸಲಿಂಗಿ ಎಂದು ಅವರು ಬಹಿರಂಗವಾಗಿ ಹೇಳಿದ್ದು 1998ರಲ್ಲಿ. ತನ್ನೊಳಗೆ ಇನ್ನೊಬ್ಬನಿದ್ದಾನೆ ಎನ್ನುವ ಸಾಲು ಮಾತ್ರ ಅದಕ್ಕೂ ಎಂಟು ವರ್ಷ ಮೊದಲೇ ಈ ಹಾಡಿನಲ್ಲಿದೆ! ಆ ಸಾಲಿಗೆ ನಾನು ಯಾವ ಅಲಂಕಾರವನ್ನೂ ಸೇರಿಸುವುದಿಲ್ಲ.

ಮೂಲದ ತಾಳ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತಂಡದ ಡ್ರಮ್ ವಾದನದಿಂದ ಎತ್ತಿಕೊಂಡದ್ದು. ನಮ್ಮದು ಒಂದೇ ಗಿಟಾರು. ಗೆಳೆಯ ಅದರ ಮೈಯನ್ನು ಅಂಗೈಯಿಂದ ತಟ್ಟಿ ಪೆಟ್ಟು ಕೊಡುತ್ತಾನೆ. ಪಲ್ಲವಿಗೆ ಇನ್ನಿಬ್ಬರು ದನಿಗೂಡಿಸುತ್ತಾರೆ. ಆ ಎರಡು ಗಂಟಲು ಇಲ್ಲದೆ ಈ ಹಾಡನ್ನು ಎತ್ತಿಕೊಳ್ಳಲೇಬಾರದು, ಏಕೆಂದರೆ ಬಿಡುಗಡೆಯ ಕೂಗು ಇಲ್ಲಿ ಗುಂಪಿನದು.

ಅವರ ಉಚ್ಚಾರವನ್ನಾಗಲಿ ಉಸಿರೆಳೆಯುವ ರೀತಿಯನ್ನಾಗಲಿ ನಾನು ಅನುಕರಿಸುವುದಿಲ್ಲ. ಅವರೇ ಸುಟ್ಟ ಜಾಕೆಟ್ಟನ್ನು ನಾನು ಹುಡುಕಿ ತೊಟ್ಟಂತಾದೀತು. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತ ಗಂಟಲು ನನ್ನದು. ಪಲ್ಲವಿಯಲ್ಲಿ ಸ್ವರ ಎಳೆದಾಗ ಗಮಕ ತಾನಾಗಿ ಬರುತ್ತದೆ, ಬರಲಿ ಎಂದು ಬಿಡುತ್ತೇನೆ.

ಮೂಲ ಹಾಡು ಆರು ನಿಮಿಷ ದಾಟುತ್ತದೆ. ಎರಡನೆಯ ಚರಣ ಬಿಟ್ಟುಬಿಡಿ ಎಂದು ಸಂಘಟಕರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಜಾರ್ಜ್ ಮೈಕಲ್ ತಮ್ಮ ಗೆಳೆಯನೊಂದಿಗೆ ತಂಡ ಕಟ್ಟಿ ಮೆರೆದದ್ದು, ಟಿವಿಗಾಗಿ ಹೊಸ ಮುಖ ತೊಟ್ಟದ್ದು, ಇನ್ನು ಆಟ ಬದಲಾಗಬೇಕು ಎಂದು ತೀರ್ಮಾನಿಸಿದ್ದು, ಎಲ್ಲವೂ ಇರುವುದು ಅಲ್ಲಿಯೇ. ಹಳೆಯ ಗೆಳೆಯನ ಬಗ್ಗೆ ಅದರಲ್ಲಿ ಕಹಿಯಿಲ್ಲ, ಖುಷಿಯಿದೆ. ಆ ಸಾಲುಗಳನ್ನು ನಗುತ್ತಲೇ ಹಾಡುತ್ತೇನೆ.