ಡಿವಿಡಿ ಬರ್ನರ್: ಬರೆಯುವ ವೇಗ ಮತ್ತು ಡಿಸ್ಕಿನ ಗುಣಮಟ್ಟ ಪರೀಕ್ಷಿಸುವ ಕ್ರಮ

ಬರೆಯುವ ತಂತ್ರಾಂಶ ಕೊನೆಗೆ "ಯಶಸ್ವಿ" ಎಂದು ತೋರಿಸಿದರೆ ಅದರ ಅರ್ಥ ಇಷ್ಟೇ: ಡ್ರೈವ್ ಕೆಲಸ ಮುಗಿಸಿತು, ನಡುವೆ ದೋಷ ವರದಿ ಮಾಡಲಿಲ್ಲ. ಡಿಸ್ಕಿನ ಮೇಲೆ ಮೂಡಿದ ಗುರುತುಗಳು ಎಷ್ಟು ಸ್ಪಷ್ಟವಾಗಿವೆ, ಬೇರೊಂದು ಡ್ರೈವ್ ಅವನ್ನು ಓದೀತೇ, ಎರಡು ವರ್ಷ ಕಳೆದ ಮೇಲೂ ಓದೀತೇ ಎಂಬುದು ಆ ಸಂದೇಶದಿಂದ ತಿಳಿಯದು. ಅದನ್ನು ತಿಳಿಯಲು ಬರೆಯುವಾಗಿನ ವೇಗದ ಗ್ರಾಫ್ ಬೇಕು, ಬರೆದಾದ ಮೇಲಿನ ದೋಷಗಳ ಸ್ಕ್ಯಾನ್ ಬೇಕು. ಬಂದ ಫಲಿತಾಂಶವನ್ನು ಡ್ರೈವ್ ಒಂದರ ತಲೆಗೋ ಡಿಸ್ಕ್ ಒಂದರ ತಲೆಗೋ ಕಟ್ಟಬೇಡಿ. ಆ ಡ್ರೈವ್, ಅದರ ಫರ್ಮ್‌ವೇರ್ (ಡ್ರೈವ್‌ನೊಳಗೇ ಇದ್ದು ಅದನ್ನು ನಡೆಸುವ ತಂತ್ರಾಂಶ), ಆ ಡಿಸ್ಕ್, ಆ ವೇಗ ನಾಲ್ಕೂ ಸೇರಿದಾಗ ಬಂದ ಫಲಿತಾಂಶ ಅದು.

ಶುರು ಮಾಡುವ ಮೊದಲು

ವಿಂಡೋಸ್‌ನಲ್ಲಿ ಡಿಸ್ಕ್ ಪರೀಕ್ಷಿಸುವ ನೀರೋ ಡಿಸ್ಕ್‌ಸ್ಪೀಡ್ ಮತ್ತು ಡಿಸ್ಕ್ ಬರೆಯುವ ಇಮ್ಜ್‌ಬರ್ನ್ ತಂತ್ರಾಂಶಗಳು ಇದ್ದರೆ ಬಹುಪಾಲು ಕೆಲಸ ಆಗುತ್ತದೆ. ಲೈಟ್‌ಆನ್ ಡ್ರೈವ್ ಇದ್ದವರು ಕೆಪ್ರೋಬ್ ಬಳಸಬಹುದು. ಲಿನಕ್ಸ್‌ನಲ್ಲಿ ಕ್ಯೂಪಿಎಕ್ಸ್‌ಟೂಲ್ ಇದೆ. ಒಂದು ಎಚ್ಚರಿಕೆ: ದೋಷಗಳ ಲೆಕ್ಕ ಕೊಡುವ ಸಾಮರ್ಥ್ಯ ಇರುವುದು ಡ್ರೈವ್‌ನೊಳಗಿನ ಚಿಪ್‌ಸೆಟ್ಟಿನಲ್ಲಿ, ತಂತ್ರಾಂಶದಲ್ಲಿ ಅಲ್ಲ. ಹಲವು ಡ್ರೈವ್‌ಗಳು ಆ ಲೆಕ್ಕವನ್ನು ಹೊರಗೆ ಕೊಡುವುದೇ ಇಲ್ಲ. ಸ್ಕ್ಯಾನ್ ಶುರುವಾಗದೆ ದೋಷ ಸಂದೇಶ ಬಂದರೆ ತಂತ್ರಾಂಶ ಬದಲಿಸುತ್ತಾ ಕೂರಬೇಡಿ. ಸ್ಕ್ಯಾನ್ ಮಾಡಬಲ್ಲ ಇನ್ನೊಂದು ಡ್ರೈವ್ ಹುಡುಕಿ.

ಖಾಲಿ ಡಿಸ್ಕ್ ಹಾಕಿ ಇಮ್ಜ್‌ಬರ್ನ್ ತೆರೆದರೆ ಬಲಗಡೆಯ ಮಾಹಿತಿಯಲ್ಲಿ ಮೀಡಿಯಾ ಕೋಡ್ (ತಯಾರಕರು ಡಿಸ್ಕಿನಲ್ಲೇ ದಾಖಲಿಸಿದ ಗುರುತು) ಕಾಣುತ್ತದೆ. ಪೊಟ್ಟಣದ ಮೇಲಿನ ಬ್ರ್ಯಾಂಡ್‌ಗಿಂತ ಈ ಕೋಡ್ ಮುಖ್ಯ, ಏಕೆಂದರೆ ಒಂದೇ ಬ್ರ್ಯಾಂಡಿನ ಹೆಸರಲ್ಲಿ ಬೇರೆ ಬೇರೆ ಕಾರ್ಖಾನೆಗಳ ಡಿಸ್ಕ್ ಬರುತ್ತವೆ. ಉದಾಹರಣೆಗೆ ಎಂಸಿಸಿ 004 ಎಂದಿದ್ದರೆ ಅದು ಮಿತ್ಸುಬಿಶಿಯ 16ಎಕ್ಸ್ (ಮೂಲ ವೇಗದ 16 ಪಟ್ಟು) ಪ್ಲಸ್ ಆರ್ (ಡಿವಿಡಿ+ಆರ್) ಡಿಸ್ಕ್. ಈ ಕೋಡನ್ನು ನೋಡಿಯೇ ಡ್ರೈವ್ ತನ್ನ ಫರ್ಮ್‌ವೇರ್‌ನಲ್ಲಿರುವ ಪಟ್ಟಿಯಿಂದ ಲೇಸರ್ ಎಷ್ಟು ಹೊತ್ತು, ಎಷ್ಟು ಶಕ್ತಿಯಲ್ಲಿ ಉರಿಯಬೇಕೆಂದು ತೀರ್ಮಾನಿಸುತ್ತದೆ. ಕೋಡ್ ಪಟ್ಟಿಯಲ್ಲಿ ಇಲ್ಲದಿದ್ದರೆ ಎಲ್ಲಕ್ಕೂ ಸಲ್ಲುವ ಸಾಮಾನ್ಯ ಕ್ರಮ ಹಿಡಿಯುತ್ತದೆ, ವೇಗವನ್ನೂ ಇಳಿಸುತ್ತದೆ. 16ಎಕ್ಸ್ ಡಿಸ್ಕಿಗೆ 4ಎಕ್ಸ್ ಅಥವಾ 8ಎಕ್ಸ್ ಮಾತ್ರ ತೋರಿಸುತ್ತಿದ್ದರೆ ಮೊದಲು ನೋಡಬೇಕಾದದ್ದು ಹೊಸ ಫರ್ಮ್‌ವೇರ್ ಇದೆಯೇ ಎಂದು.

ಕಂಪ್ಯೂಟರ್ ಮತ್ತು ಡ್ರೈವ್ ನಡುವಿನ ದಾರಿಯೂ ಸರಿಯಿರಬೇಕು. ಡಿವಿಡಿಯ 1ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.385 ಮೆಗಾಬೈಟ್, 16ಎಕ್ಸ್‌ಗೆ 22 ಮೆಗಾಬೈಟ್ ಬೇಕು. ಹಳೆಯ ಐಡಿಇ (ಅಗಲ ಪಟ್ಟಿ ಕೇಬಲ್‌ನ) ಡ್ರೈವ್ ಡಿಎಂಎ (ಡೇಟಾ ನೇರವಾಗಿ ಮೆಮೊರಿಗೆ ಸಾಗುವ ಕ್ರಮ) ಬಿಟ್ಟು ಪಿಐಓಗೆ (ಪ್ರೊಸೆಸರ್ ತಾನೇ ಡೇಟಾ ಸಾಗಿಸುವ ಕ್ರಮ) ಇಳಿದಿದ್ದರೆ ಅತಿ ಹೆಚ್ಚೆಂದರೆ 16.6 ಮೆಗಾಬೈಟ್ ಸಿಗುತ್ತದೆ, ಪ್ರೊಸೆಸರ್ ಕೂಡ ಏದುಸಿರು ಬಿಡುತ್ತದೆ. ಪದೇ ಪದೇ ಓದುವ ದೋಷ ಬಂದರೆ ವಿಂಡೋಸ್ ತಾನಾಗಿಯೇ ಹೀಗೆ ಇಳಿಸುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಐಡಿಇ ಚಾನೆಲ್ ತೆಗೆದು ಮರುಪ್ರಾರಂಭಿಸಿದರೆ ಮತ್ತೆ ಡಿಎಂಎಗೆ ಬರುತ್ತದೆ. ಯುಎಸ್‌ಬಿ ಡ್ರೈವ್ ಆದರೆ 2.0 ಪೋರ್ಟಿಗೆ ನೇರವಾಗಿ ಹಾಕಿ, ನಡುವೆ ಹಬ್ ಬೇಡ. ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ತೆಳು ಡ್ರೈವ್‌ಗಳು ಬರೆಯುವಾಗ ಒಂದು ಪೋರ್ಟ್ ಕೊಡುವ 500 ಮಿಲಿಆಂಪ್‌ಗಿಂತ ಹೆಚ್ಚು ಎಳೆಯಬಹುದು. ಅದಕ್ಕೇ ಎರಡು ತುದಿಯ ಕೇಬಲ್ ಕೊಟ್ಟಿರುತ್ತಾರೆ, ಎರಡನ್ನೂ ಚುಚ್ಚಿ.

ವೇಗದ ಪರೀಕ್ಷೆ

ಒಂದೇ ಸ್ಪಿಂಡಲ್‌ನಿಂದ (ಖಾಲಿ ಡಿಸ್ಕ್‌ಗಳ ಕಟ್ಟು), ಒಂದೇ ಮೀಡಿಯಾ ಕೋಡಿನ ಮೂರು ಡಿಸ್ಕ್ ತೆಗೆದುಕೊಳ್ಳಿ. ಒಂದು 8ಎಕ್ಸ್, ಒಂದು 12ಎಕ್ಸ್, ಒಂದು 16ಎಕ್ಸ್. ನೀರೋ ಡಿಸ್ಕ್‌ಸ್ಪೀಡ್‌ನಲ್ಲಿ ಡೇಟಾ ಡಿಸ್ಕ್ ತಯಾರಿಸುವ ಆಯ್ಕೆ ಇದೆ, ಇಮ್ಜ್‌ಬರ್ನ್‌ನಲ್ಲಿ ಡಿಸ್ಕವರಿ ಮೋಡ್ ಇದೆ. ಇವೆರಡೂ ಬರೆಯಬೇಕಾದ ಡೇಟಾವನ್ನು ತಾವೇ ಹುಟ್ಟಿಸುವುದರಿಂದ ಹಾರ್ಡ್ ಡಿಸ್ಕಿನ ನಿಧಾನ ಫಲಿತಾಂಶದಲ್ಲಿ ಬೆರೆಯುವುದಿಲ್ಲ. ಡಿಸ್ಕ್ ಪೂರ್ತಿ ತುಂಬಲಿ. ಅರ್ಧ ಬರೆದು ನಿಲ್ಲಿಸಿದರೆ ಹೊರ ಅಂಚಿನ ಕಥೆ ಗೊತ್ತಾಗುವುದೇ ಇಲ್ಲ, ತೊಂದರೆ ಹೆಚ್ಚಾಗಿ ಇರುವುದು ಅಲ್ಲೇ.

ಮೈನಸ್ ಆರ್ (ಡಿವಿಡಿ-ಆರ್) ಡಿಸ್ಕಿನಲ್ಲಿ ಸಿಮ್ಯುಲೇಶನ್ (ಬರೆದಂತೆ ನಟಿಸುವುದು) ಸಾಧ್ಯ: ಲೇಸರ್ ಕಡಿಮೆ ಶಕ್ತಿಯಲ್ಲಿ ಓಡುತ್ತದೆ, ಡಿಸ್ಕ್ ಖಾಲಿಯೇ ಉಳಿಯುತ್ತದೆ. ಡೇಟಾ ಸಾಗುವ ವೇಗ ನೋಡಲು ಅಷ್ಟು ಸಾಕು, ಗುಣಮಟ್ಟದ ಬಗ್ಗೆ ಅದು ಏನೂ ಹೇಳುವುದಿಲ್ಲ. ಪ್ಲಸ್ ಆರ್‌ನಲ್ಲಿ ಈ ಸೌಲಭ್ಯ ಇಲ್ಲ.

16ಎಕ್ಸ್ ಎಂಬುದು ಹೊರ ಅಂಚಿನಲ್ಲಿ ಮಾತ್ರ ಸಿಗುವ ವೇಗ. ಡಿಸ್ಕ್ ಒಂದೇ ಸಮನೆ ತಿರುಗುತ್ತದೆ, ನಿಮಿಷಕ್ಕೆ ಒಂಬತ್ತು ಸಾವಿರಕ್ಕೂ ಹೆಚ್ಚು ಸುತ್ತು. ದತ್ತಾಂಶದ ಸುರುಳಿ 24 ಮಿಲಿಮೀಟರ್ ತ್ರಿಜ್ಯದಲ್ಲಿ ಶುರುವಾಗಿ ಸುಮಾರು 58ರಲ್ಲಿ ಮುಗಿಯುತ್ತದೆ. ಹಾಗಾಗಿ ಒಳಗೆ 6.6ಎಕ್ಸ್ ಸುಮಾರಿಗೆ ಶುರುವಾದ ಗ್ರಾಫ್ ನೇರ ಏರಿ 16ಕ್ಕೆ ಮುಟ್ಟುತ್ತದೆ. ಸರಾಸರಿ 11ರಿಂದ 12ಎಕ್ಸ್. ಲೀಡ್‌ಇನ್, ಲೀಡ್‌ಔಟ್ (ಡೇಟಾದ ಮುಂಚೆ ಮತ್ತು ನಂತರ ಬರೆಯುವ ಭಾಗಗಳು) ಸೇರಿ 4.7 ಜಿಬಿಗೆ ಐದೂವರೆಯಿಂದ ಆರು ನಿಮಿಷ. 8ಎಕ್ಸ್‌ಗೆ ಎಂಟು ನಿಮಿಷದ ಆಸುಪಾಸು, 4ಎಕ್ಸ್‌ಗೆ ಹದಿನಾಲ್ಕು ನಿಮಿಷ ದಾಟುತ್ತದೆ. ನಾಲ್ಕು ಪಟ್ಟು ವೇಗ ಕೊಟ್ಟರೂ ಸಮಯ ನಾಲ್ಕನೇ ಒಂದಕ್ಕೆ ಇಳಿಯುವುದಿಲ್ಲ. 12ರಿಂದ 16ಕ್ಕೆ ಹೋದರೆ ಉಳಿಯುವುದು ಅರ್ಧ ಮುಕ್ಕಾಲು ನಿಮಿಷ; ಅದಕ್ಕೆ ತೆರುವ ಬೆಲೆ ಸ್ಕ್ಯಾನ್‌ನಲ್ಲಿ ಕಾಣುತ್ತದೆ.

ಗ್ರಾಫಿನಲ್ಲಿ ಕುಸಿತ ಕಂಡರೆ ಯಾವ ಬಗೆಯದು ನೋಡಿ. ನಿರ್ದಿಷ್ಟ ಅಂತರಗಳಲ್ಲಿ ಚೂಪಾದ ಸಣ್ಣ ಕುಸಿತಗಳಿದ್ದರೆ ಡ್ರೈವ್ ನಿಂತು ಲೇಸರ್ ಶಕ್ತಿಯನ್ನು ಮತ್ತೆ ಹೊಂದಿಸಿಕೊಳ್ಳುತ್ತಿದೆ ಎಂದರ್ಥ. ಅದು ಒಳ್ಳೆಯದೇ. ಮೆಟ್ಟಿಲಿನಂತೆ ಏರಿದ್ದರೆ ಆ ಡ್ರೈವ್ ವಲಯ ವಲಯವಾಗಿ ವೇಗ ಹೆಚ್ಚಿಸುತ್ತದೆ, ಅದರಲ್ಲೂ ದೋಷವಿಲ್ಲ. ಹೊರ ಭಾಗದಲ್ಲಿ 16ರಿಂದ 8ಕ್ಕೆ ಬಿದ್ದು ಅಲ್ಲೇ ಉಳಿದರೆ, ಡಿಸ್ಕ್ ಆ ವೇಗ ತಾಳದು ಎಂದು ಡ್ರೈವ್ ತಾನೇ ಹಿಂದೆ ಸರಿದಿದೆ. ಕ್ರಮವಿಲ್ಲದ ಏರಿಳಿತ ಇದ್ದರೆ ನಿಮ್ಮದೇ ಒಂದು ಇಮೇಜ್ ಫೈಲನ್ನು ಇಮ್ಜ್‌ಬರ್ನ್‌ನಲ್ಲಿ ಬರೆಯುತ್ತಾ ಕೆಳಗಿನ ಎರಡು ಬಫರ್ (ಬರೆಯುವ ಮುನ್ನ ಡೇಟಾ ಕಾಯುವ ಮೆಮೊರಿ) ಪಟ್ಟಿಗಳನ್ನು ಗಮನಿಸಿ. ತಂತ್ರಾಂಶದ ಬಫರ್ ಮೊದಲು ಖಾಲಿಯಾದರೆ ಹಾರ್ಡ್ ಡಿಸ್ಕ್ ನಿಧಾನ, ಇಲ್ಲವೇ ಆಂಟಿವೈರಸ್ ಅಡ್ಡ ಬರುತ್ತಿದೆ. ಅದು ತುಂಬಿದ್ದೂ ಡ್ರೈವ್‌ನ ಬಫರ್ ಮಾತ್ರ ಖಾಲಿಯಾಗುತ್ತಿದ್ದರೆ ಕೇಬಲ್, ಡಿಎಂಎ ಅಥವಾ ಯುಎಸ್‌ಬಿಯ ಮೇಲೆ ಅನುಮಾನ ಪಡಿ. ಬಫರ್ ಖಾಲಿಯಾದರೂ ಈಗಿನ ಡ್ರೈವ್‌ಗಳು ಡಿಸ್ಕ್ ಕೆಡಿಸುವುದಿಲ್ಲ, ನಿಂತು ಮುಂದುವರಿಸುತ್ತವೆ. ಆದರೆ ಹಾಗೆ ಜೋಡಿಸಿದ ಪ್ರತಿ ಜಾಗದಲ್ಲೂ ಸಣ್ಣ ದೋಷ ಉಳಿಯಬಹುದು.

ಗುಣಮಟ್ಟದ ಸ್ಕ್ಯಾನ್

ಬರೆದ ಡಿಸ್ಕನ್ನು ಹೊರತೆಗೆದು ಕೆಲವು ನಿಮಿಷ ತಣಿಯಲು ಬಿಡಿ. ಮೆತ್ತನೆಯ ಒಣ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ. ನೀರೋ ಡಿಸ್ಕ್‌ಸ್ಪೀಡ್‌ನ ಡಿಸ್ಕ್ ಕ್ವಾಲಿಟಿ ಪುಟದಲ್ಲಿ ಸ್ಕ್ಯಾನ್ ವೇಗವನ್ನು ನೀವೇ ನಿಗದಿಪಡಿಸಿ. ಲೈಟ್‌ಆನ್‌ನಲ್ಲಿ 4ಎಕ್ಸ್, ಬೆನ್‌ಕ್ಯೂನಲ್ಲಿ 8ಎಕ್ಸ್ ರೂಢಿ. ಮೂರೂ ಡಿಸ್ಕನ್ನು ಅದೇ ಡ್ರೈವ್‌ನಲ್ಲಿ, ಅದೇ ವೇಗದಲ್ಲಿ ನೋಡಿ. ವೇಗ ಬದಲಾದರೆ ಅಂಕಿಗಳೂ ಬದಲಾಗುತ್ತವೆ, ಹೋಲಿಕೆ ವ್ಯರ್ಥ.

ಅಂಕಿಗಳ ಅರ್ಥ ತಿಳಿಯಲು ಡೇಟಾ ಹೇಗೆ ಜೋಡಿಸಿದೆ ಎಂದು ತಿಳಿದಿರಬೇಕು. ಡಿವಿಡಿಯ ದೋಷ ತಿದ್ದುವ ಒಂದು ಬ್ಲಾಕಿನಲ್ಲಿ 208 ಸಾಲುಗಳು, ಪ್ರತಿ ಸಾಲಿನಲ್ಲಿ 182 ಬೈಟ್‌ಗಳು. ಅದರಲ್ಲಿ 10 ಬೈಟ್ ಆ ಸಾಲನ್ನು ತಿದ್ದಲೆಂದೇ ಇರುವ ಪ್ಯಾರಿಟಿ. ಅದರಿಂದ ಸಾಲಿನ 5 ಕೆಟ್ಟ ಬೈಟ್‌ಗಳನ್ನು ಸರಿಪಡಿಸಬಹುದು. ಒಂದಾದರೂ ಕೆಟ್ಟ ಬೈಟ್ ಇರುವ ಸಾಲನ್ನು ಪಿಐಇ ಎಂದು ಎಣಿಸುತ್ತಾರೆ. ಐದಕ್ಕಿಂತ ಹೆಚ್ಚು ಕೆಟ್ಟು ಸಾಲಿನ ಪ್ಯಾರಿಟಿ ಕೈಚೆಲ್ಲಿದರೆ ಪಿಐಎಫ್. ಅಂಥ ಸಾಲುಗಳನ್ನು ಬ್ಲಾಕಿನ ಕಂಬಸಾಲಿನ 16 ಪ್ಯಾರಿಟಿ ಬೈಟ್‌ಗಳು ಎತ್ತಿಹಿಡಿಯುತ್ತವೆ. ಅದೂ ಸೋತರೆ ಪಿಓಎಫ್: ಆ ಓದಿನಲ್ಲಿ ಡೇಟಾ ಸಿಗಲಿಲ್ಲ.

ಮಾನದಂಡ ಹೇಳುವ ಮಿತಿ: ಸತತ 8 ಬ್ಲಾಕುಗಳಲ್ಲಿ ಪಿಐಇ 280 ಮೀರಬಾರದು, ಒಂದು ಬ್ಲಾಕಿನಲ್ಲಿ ಪಿಐಎಫ್ 4 ಮೀರಬಾರದು, ಪಿಓಎಫ್ ಸೊನ್ನೆಯೇ ಇರಬೇಕು. 280 ತೀರ ಉದಾರ ಮಿತಿ. ಹೊಸದಾಗಿ ಬರೆದ ಒಳ್ಳೆಯ ಡಿಸ್ಕಿನಲ್ಲಿ ಪಿಐಇ ಗರಿಷ್ಠ 50ರೊಳಗೆ ಇರುವುದು ಸಾಮಾನ್ಯ. ಮೊದಲ ದಿನವೇ 200 ಇದ್ದರೆ ಮುಂದೆ ಹಾಳಾಗಲು ಹೆಚ್ಚು ಜಾಗ ಉಳಿದಿಲ್ಲ. ಕೆಲವು ಡ್ರೈವ್‌ಗಳು ಪಿಐಎಫ್ ಅನ್ನೂ 8 ಬ್ಲಾಕಿಗೆ ಕೂಡಿಸಿ ಕೊಡುತ್ತವೆ, ಅಲ್ಲಿ 4ರ ಮಿತಿ ಹಾಗೇ ಅನ್ವಯಿಸದು.

ಡಿಸ್ಕ್‌ಸ್ಪೀಡ್ ಕೊಡುವ ನೂರರೊಳಗಿನ ಗುಣಮಟ್ಟದ ಅಂಕವನ್ನು ನಂಬಿ ಕೂರಬೇಡಿ. ಅದು ಪಿಐಎಫ್‌ನ ಗರಿಷ್ಠ ಏರಿಕೆಯನ್ನು ಹಿಡಿದು ಲೆಕ್ಕ ಹಾಕುತ್ತದೆ. ಒಂದು ಧೂಳಿನ ಕಣ ಒಂಟಿ ಗೆರೆ ಎಬ್ಬಿಸಿದರೂ ಅಂಕ ಬೀಳುತ್ತದೆ. ಇಡೀ ಡಿಸ್ಕಿನ ತುಂಬ ಪಿಐಇ ದಟ್ಟವಾಗಿದ್ದರೂ ಪಿಐಎಫ್ ತಗ್ಗಿದ್ದರೆ ಒಳ್ಳೆಯ ಅಂಕ ಬರುತ್ತದೆ. ಆಕಾರ ನೋಡುವುದೇ ಸರಿಯಾದ ದಾರಿ. ಒಂಟಿ ಗೆರೆ ಕಂಡರೆ ಒರೆಸಿ ಮತ್ತೆ ಸ್ಕ್ಯಾನ್ ಮಾಡಿ, ಮಾಯವಾದರೆ ಅದು ಕೊಳೆ. 4 ಜಿಬಿ ದಾಟಿದ ಮೇಲೆ ದಿಬ್ಬದಂತೆ ಏರುತ್ತಾ ಹೋದರೆ ಡಿಸ್ಕ್ ಬಾಗಿದೆ, ಇಲ್ಲವೇ ಡೈ ಪದರ (ಲೇಸರ್ ಗುರುತು ಮೂಡಿಸುವ ಬಣ್ಣದ ಪದರ) ಅಂಚಿನಲ್ಲಿ ಸಮನಾಗಿ ಹರಡಿಲ್ಲ; 12ಎಕ್ಸ್ ಅಥವಾ 8ಎಕ್ಸ್‌ನ ಡಿಸ್ಕಿನಲ್ಲಿ ಆ ದಿಬ್ಬ ತಗ್ಗಿದೆಯೇ ನೋಡಿ. ನಡುವೆ ಒಂದು ಬಿಂದುವಿನಿಂದ ಮಟ್ಟವೇ ಬದಲಾಗಿದ್ದರೆ ಬರೆಯುವ ಗ್ರಾಫ್ ಪಕ್ಕದಲ್ಲಿಟ್ಟುಕೊಳ್ಳಿ, ವೇಗ ಬದಲಾದ ಜಾಗವೇ ಅಲ್ಲಿರುತ್ತದೆ.

ನಿಧಾನವಾದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನೂ ಪರೀಕ್ಷಿಸಿ ನೋಡಬೇಕು. 16ಎಕ್ಸ್ ಡಿಸ್ಕಿನ ಡೈ ವೇಗದ, ಬಲವಾದ ಲೇಸರ್ ಹೊಡೆತಕ್ಕೆಂದು ತಯಾರಾದದ್ದು. 4ಎಕ್ಸ್‌ನಲ್ಲಿ ಅದು 8 ಅಥವಾ 12ಎಕ್ಸ್‌ಗಿಂತ ಕೆಟ್ಟದಾಗಿ ಬರುವುದುಂಟು.

ಕೊನೆಗೆ ಅದೇ ತಂತ್ರಾಂಶದಲ್ಲಿ ಓದುವ ವೇಗದ ಪರೀಕ್ಷೆ ನಡೆಸಿ, ಸಾಧ್ಯವಾದರೆ ಬೇರೊಂದು ಡ್ರೈವ್‌ನಲ್ಲಿ, ಪೂರ್ಣ ವೇಗಕ್ಕೆ. ಗೆರೆ ಅಡೆತಡೆಯಿಲ್ಲದೆ ಏರಿದರೆ ಡಿಸ್ಕ್ ಸರಿಯಿದೆ. ಪಿಐಎಫ್ ಎದ್ದ ಜಾಗದಲ್ಲೇ ಓದುವ ವೇಗವೂ ಕುಸಿದರೆ ಆ ಡಿಸ್ಕನ್ನು ಮುಖ್ಯ ಕಡತಗಳಿಗೆ ಬಳಸಬೇಡಿ. ಸ್ಕ್ಯಾನ್ ಮಾಡಲಾಗದ ಡ್ರೈವ್ ಇರುವವರಿಗೆ ಇದೊಂದೇ ದಾರಿ, ಮತ್ತು ಅದು ಸಾಕಷ್ಟು ನಂಬಬಹುದಾದ ದಾರಿ.

ಪ್ರತಿ ಸ್ಕ್ಯಾನ್ ಚಿತ್ರವನ್ನು ಮೀಡಿಯಾ ಕೋಡ್, ಬರೆದ ವೇಗ, ಡ್ರೈವ್, ದಿನಾಂಕ ಸೇರಿಸಿದ ಹೆಸರಿನಲ್ಲಿ ಉಳಿಸಿ. ಆರು ತಿಂಗಳಿಗೊಮ್ಮೆ ಅದೇ ಡ್ರೈವ್‌ನಲ್ಲಿ ಅದೇ ವೇಗಕ್ಕೆ ಮತ್ತೆ ನೋಡಿ. ಪಿಐಇ ಹಲವು ಪಟ್ಟು ಏರಿದ್ದರೆ, ಇನ್ನೂ ಓದಲು ಬರುತ್ತಿರುವಾಗಲೇ ಹೊಸ ಡಿಸ್ಕಿಗೆ ನಕಲಿಸಿ. ಪಿಓಎಫ್ ಕಾಣಿಸಿಕೊಂಡಿದ್ದರೆ ಓದುವ ವೇಗವನ್ನು 4ಎಕ್ಸ್‌ಗೆ ಇಳಿಸಿ, ಬೇರೆ ತಯಾರಿಕೆಯ ಡ್ರೈವ್‌ನಲ್ಲಿ ಪ್ರಯತ್ನಿಸಿ. ಒಂದು ಡ್ರೈವ್ ಸೋತ ಜಾಗವನ್ನು ಇನ್ನೊಂದು ಓದುವುದು ಅಪರೂಪವೇನಲ್ಲ.