ವಿಮಾನ ಕಂಪನಿ ಷೇರು ಬಿದ್ದಾಗ ಏನು ಮಾಡಬೇಕು? ಮೊದಲು ಒಂದು ಹಾಳೆ ತೆಗೆಯಿರಿ

2024ರ ಜೂನ್ 4, ಲೋಕಸಭೆ ಚುನಾವಣೆಯ ಮತ ಎಣಿಕೆ ದಿನ. ದಾವಣಗೆರೆಯಲ್ಲಿ ನಮ್ಮ ಚಿಕ್ಕಪ್ಪ ತಿಂಡಿ ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ದರು. ಪಕ್ಕದಲ್ಲೇ ಫೋನು. ಹಿಂದಿನ ದಿನ ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಸೆನ್ಸೆಕ್ಸ್ ಒಂದೇ ಏಟಿಗೆ 2,500 ಅಂಶ ಏರಿತ್ತು. ಯಾವ ಪಕ್ಷಕ್ಕೂ ಸ್ವಂತ ಬಲದ ಬಹುಮತ ಸಿಗುತ್ತಿಲ್ಲ ಅಂತ ಗೊತ್ತಾಗುತ್ತಿದ್ದ ಹಾಗೆ ಪೇಟೆ ಕುಸಿಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಚಿಕ್ಕಪ್ಪ ತಮ್ಮ ಹತ್ತಿರ ಇದ್ದ ವಿಮಾನ ಕಂಪನಿಯ ನಲವತ್ತು ಷೇರನ್ನೂ ಮಾರಿಬಿಟ್ಟರು. ಸಂಜೆ ಸೆನ್ಸೆಕ್ಸ್ ಸುಮಾರು 4,390 ಅಂಶ ಕಳೆದುಕೊಂಡು 72,079ಕ್ಕೆ ನಿಂತಿತು. ಜೂನ್ 7ರ ಸಂಜೆಗೆ ಅದೇ ಸೆನ್ಸೆಕ್ಸ್ 76,693. ಮೂರೇ ದಿನದಲ್ಲಿ, ಬೀಳುವುದಕ್ಕೆ ಮುಂಚೆ ಇದ್ದ ಮಟ್ಟವನ್ನೂ ದಾಟಿತ್ತು.

‘ಅವತ್ತು ಆ ಕಂಪನಿ ಬಗ್ಗೆ ಒಂದು ನಿಮಿಷಾನೂ ಯೋಚನೆ ಮಾಡ್ಲಿಲ್ಲ ಕಣೋ. ಬರೀ ಟಿವಿ ನೋಡ್ತಾ ಇದ್ದೆ’ ಅಂದರು ಆಮೇಲೆ.

ಅವರೊಬ್ಬರೇ ಅಲ್ಲ, ನಮ್ಮಂಥ ಸಣ್ಣ ಹೂಡಿಕೆದಾರರಲ್ಲಿ ಜಾಸ್ತಿ ಜನ ಮಾಡುವುದು ಇದನ್ನೇ. ಚುನಾವಣೆ, ಗಡಿ ಗಲಾಟೆ, ಯುದ್ಧ, ಸರ್ಕಾರದ ಹೊಸ ಆದೇಶ ಯಾವುದೇ ಬಂದರೂ ವಿಮಾನ ಕಂಪನಿ ಷೇರಿಗೆ ಅದು ಬೇಗ ತಾಗುತ್ತದೆ. ಆದರೆ ಎಲ್ಲಿ ತಾಗಿತು, ಎಷ್ಟು ತಾಗಿತು ಅಂತ ನೋಡುವ ಮೊದಲೇ ನಾವು ಮಾರಿ ಮುಗಿಸಿರುತ್ತೇವೆ. ಅದಕ್ಕೆ ಚಿಕ್ಕಪ್ಪನ ಜೊತೆ ಕೂತು ನಾನು ಮಾಡಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ನಿಮ್ಮ ಹತ್ತಿರ ಏನಿದೆ ಅಂತ ನೋಡಿ

ನಮ್ಮ ದೇಶದಲ್ಲಿ ದೊಡ್ಡ ಪ್ರಯಾಣಿಕ ವಿಮಾನ ಕಂಪನಿಗಳ ಷೇರು ಬೇಕೆಂದರೆ ಆಯ್ಕೆ ಬಹಳ ಕಡಿಮೆ. ಇಂಡಿಗೊ ಇದೆ. ಷೇರು ಇಡುವ ಡಿಮ್ಯಾಟ್ ಖಾತೆಯಲ್ಲಿ ಅದರ ಹೆಸರು ಇಂಟರ್‌ಗ್ಲೋಬ್ ಏವಿಯೇಷನ್ ಅಂತ ಇರುತ್ತದೆ. ಸ್ಪೈಸ್‌ಜೆಟ್ ಇದೆ. ಏರ್ ಇಂಡಿಯಾ ಟಾಟಾ ಗುಂಪಿನ ಕೈಯಲ್ಲಿದೆ, ಅದರ ಷೇರು ಪೇಟೆಯಲ್ಲಿ ಸಿಗುವುದಿಲ್ಲ. ಆಕಾಸಾದ್ದೂ ಸಿಗುವುದಿಲ್ಲ.

‘ನಾನು ಷೇರೇ ಕೊಂಡಿಲ್ಲ, ಬರೀ ಎಸ್‌ಐಪಿ’ ಅಂತ ಮ್ಯೂಚುವಲ್ ಫಂಡ್‌ಗೆ ತಿಂಗಳು ತಿಂಗಳು ದುಡ್ಡು ಹಾಕುವವರೂ ಒಮ್ಮೆ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 30ರಿಂದ ಇಂಡಿಗೊ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50ರಲ್ಲಿ ಸೇರಿದೆ. ಆ ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ನಿಫ್ಟಿ ಇಂಡೆಕ್ಸ್ ಫಂಡ್ ಇದ್ದರೆ ನೀವೂ ಅದರಲ್ಲಿ ಚೂರು ಪಾಲುದಾರರೇ. ಪಾಲು ಚಿಕ್ಕದು, ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಮುಂದೆ ಹೇಳುವುದೆಲ್ಲ ನೇರವಾಗಿ ಷೇರು ಇಟ್ಟುಕೊಂಡವರಿಗೆ.

ಹಂತ 2: ಹಾಳೆಯನ್ನು ನಾಲ್ಕು ಮಡಿಕೆ ಮಾಡಿ

ಒಂದು ಬಿಳಿ ಹಾಳೆ ತಗೊಂಡು ಉದ್ದಕ್ಕೊಂದು, ಅಡ್ಡಕ್ಕೊಂದು ಮಡಿಸಿ. ನಾಲ್ಕು ಮನೆ ಆಯಿತು. ಒಂದೊಂದರ ಮೇಲೆ ಒಂದೊಂದು ಪದ ಬರೆಯಿರಿ: ದಾರಿ, ಎಣ್ಣೆ, ಡಾಲರ್, ಅಪ್ಪಣೆ. ಯಾವ ರಾಜಕೀಯ ಸುದ್ದಿ ಬಂದರೂ ವಿಮಾನ ಕಂಪನಿಯ ಲೆಕ್ಕಪುಸ್ತಕಕ್ಕೆ ಅದು ತಲುಪುವುದು ಹೆಚ್ಚಾಗಿ ಈ ನಾಲ್ಕರಲ್ಲಿ ಒಂದರ ಮೂಲಕ. ಸುದ್ದಿಯನ್ನು ಯಾವ ಮನೆಗೂ ಹಾಕಲು ಆಗಲಿಲ್ಲ ಅಂದರೆ, ಇಡೀ ಪೇಟೆ ಬಿದ್ದಿದ್ದಕ್ಕೆ ನಿಮ್ಮ ಷೇರೂ ಬಿದ್ದಿದೆ, ಅಷ್ಟೆ. ಜೂನ್ 4ರಂದು ಚಿಕ್ಕಪ್ಪನ ಹಾಳೆ ಪೂರ್ತಿ ಖಾಲಿ ಇರುತ್ತಿತ್ತು.

ದಾರಿ. ಪಹಲ್ಗಾಮ್ ದಾಳಿಯ ನಂತರ, 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿತು. ಮರುದಿನ ಇಂಡಿಗೊ ಷೇರು ಇಳಿಯಿತು. ಕಂಪನಿ ಅಲ್ಮಾಟಿ ಮತ್ತು ತಾಷ್ಕೆಂಟ್ ವಿಮಾನಗಳನ್ನು ನಿಲ್ಲಿಸಿತು. ಸುತ್ತಿ ಹೋಗಬೇಕಾದರೆ ಅಲ್ಲಿಯ ತನಕ ಹಾರುವ ಶಕ್ತಿ ಆಗ ಅದರ ಹತ್ತಿರ ಇದ್ದ ವಿಮಾನಗಳಿಗೆ ಇರಲಿಲ್ಲ. ಮೇ 7ರಂದು ಆಪರೇಷನ್ ಸಿಂಧೂರ ಆದ ಮೇಲೆ ಶ್ರೀನಗರ, ಅಮೃತಸರ, ಚಂಡೀಗಢ ಸೇರಿ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ಮುಚ್ಚಿದವು. ಮೇ 15ರ ತನಕ ಅಂದಿದ್ದರು, 12ಕ್ಕೇ ತೆರೆದವು.

ಇಲ್ಲಿ ಕೇಳಬೇಕಾದ ಪ್ರಶ್ನೆ ‘ದಾರಿ ಮುಚ್ಚಿತಾ?’ ಅಂತಲ್ಲ. ‘ಯಾರ ದಾರಿ ಮುಚ್ಚಿತು?’ ಅಂತ. 2019 ಇದಕ್ಕೆ ಒಳ್ಳೆಯ ಪಾಠ. ಬಾಲಾಕೋಟ್ ದಾಳಿಯ ನಂತರ ಪಾಕಿಸ್ತಾನ ಫೆಬ್ರುವರಿ 27ರಂದು ಮುಚ್ಚಿದ ವಾಯುಪ್ರದೇಶ ಪೂರ್ತಿ ತೆರೆದದ್ದು ಜುಲೈ 16ಕ್ಕೆ. ನಷ್ಟ ಎಷ್ಟು ಅಂತ ಸರ್ಕಾರವೇ ರಾಜ್ಯಸಭೆಗೆ ಲೆಕ್ಕ ಕೊಟ್ಟಿತು. ಜುಲೈ 2ರ ತನಕ ಏರ್ ಇಂಡಿಯಾಕ್ಕೆ 491 ಕೋಟಿ ರೂಪಾಯಿ. ಮೇ ಕೊನೆಯ ತನಕ ಇಂಡಿಗೊಗೆ 25 ಕೋಟಿ. ಒಂದೇ ಘಟನೆ, ಆದರೆ ಯುರೋಪ್, ಅಮೆರಿಕಕ್ಕೆ ಹಾರುವ ಕಂಪನಿಗೆ ಬಿದ್ದ ಪೆಟ್ಟು ದೊಡ್ಡದು. ಊರೂರ ನಡುವೆ ಹಾರುವ ಕಂಪನಿಗೆ ತರಚಿದ ಗಾಯ. ಆ ಹೊತ್ತಿಗೆ ಇಂಡಿಗೊದ ವಾರ್ಷಿಕ ವಹಿವಾಟು 28 ಸಾವಿರ ಕೋಟಿಗೂ ಹೆಚ್ಚಿತ್ತು. ಅದರ ಪಕ್ಕದಲ್ಲಿ 25 ಕೋಟಿ ಇಟ್ಟು ನೋಡಿ.

ಈಗಿನ ಇಂಡಿಗೊ 2019ರ ಇಂಡಿಗೊ ಅಲ್ಲ ಅನ್ನುವುದೂ ನೆನಪಿರಲಿ. ಈಗ ಅದೂ ಯುರೋಪಿಗೆ ಹಾರುತ್ತದೆ. ಹಳೆಯ ಲೆಕ್ಕವನ್ನು ಹಾಗೇ ಎತ್ತಿ ಇಲ್ಲಿಗೆ ತರಬೇಡಿ.

ಎಣ್ಣೆ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಎರಡು ವಾರ ಕಳೆಯುವಷ್ಟರಲ್ಲಿ ಬ್ರೆಂಟ್ ಕಚ್ಚಾ ತೈಲ ಒಂದು ಹಂತದಲ್ಲಿ ಬ್ಯಾರೆಲ್‌ಗೆ 139 ಡಾಲರ್ ಮುಟ್ಟಿ ಬಂತು. ಯುದ್ಧ ಎಲ್ಲೋ ದೂರದಲ್ಲಿ. ಆದರೂ ಹುಬ್ಬಳ್ಳಿಯಿಂದ ಹೊರಡುವ ವಿಮಾನದ ಖರ್ಚು ಏರಿತು, ಯಾಕೆಂದರೆ ಇಲ್ಲಿಯ ವಿಮಾನ ಕಂಪನಿಗಳ ದೊಡ್ಡ ಖರ್ಚೇ ಇಂಧನ. ಒಂದು ವಿಷಯ ಗಮನಿಸಿ. ನೀವು ದೀಪಾವಳಿಗೆ ಊರಿಗೆ ಹೋಗಲು ಎರಡು ತಿಂಗಳು ಮುಂಚೆ ಟಿಕೆಟ್ ತಗೊಂಡಿರುತ್ತೀರಿ. ಅದರ ದುಡ್ಡು ಅವತ್ತೇ ಕೊಟ್ಟಾಗಿದೆ. ಕಂಪನಿ ಎಣ್ಣೆ ತುಂಬಿಸುವುದು ಹಾರುವ ದಿನದ ದರಕ್ಕೆ. ನಡುವೆ ತೈಲ ಏರಿದರೆ ವ್ಯತ್ಯಾಸ ಕಂಪನಿಯ ಜೇಬಿನಿಂದಲೇ ಹೋಗಬೇಕು. ತೈಲ ಕಂಪನಿಗಳು ವಿಮಾನ ಇಂಧನದ ದರವನ್ನು ಪ್ರತಿ ತಿಂಗಳ 1ನೇ ತಾರೀಖು ಬದಲಿಸುತ್ತವೆ. ಆ ತಾರೀಖಿಗೆ ಕ್ಯಾಲೆಂಡರ್‌ನಲ್ಲಿ ಒಂದು ಗುರುತು ಹಾಕಿಡಿ.

ಡಾಲರ್. ಇದರ ಬಗ್ಗೆ ಟಿವಿಯಲ್ಲಿ ಕೂಗಾಟ ಇರುವುದಿಲ್ಲ. ಅದಕ್ಕೇ ನಾನು ಈ ಮನೆಯನ್ನು ಎಲ್ಲಕ್ಕಿಂತ ಜಾಸ್ತಿ ಹೊತ್ತು ನೋಡುತ್ತೇನೆ. ವಿಮಾನದ ಬಾಡಿಗೆ, ರಿಪೇರಿ, ಬಿಡಿಭಾಗ ಹೆಚ್ಚಿನದ್ದೆಲ್ಲ ಡಾಲರ್‌ನಲ್ಲಿ. ಟಿಕೆಟ್ ಮಾರಿ ಬರುವುದು ಹೆಚ್ಚಾಗಿ ರೂಪಾಯಿ. ವ್ಯಾಪಾರ ಸುಂಕದ ಜಗಳವೋ ಯುದ್ಧದ ಭಯವೋ ರೂಪಾಯಿಯನ್ನು ಕೆಳಗೆ ಎಳೆದರೆ, ಮುಂದಿನ ವರ್ಷಗಳಲ್ಲಿ ಕೊಡಬೇಕಾದ ಬಾಡಿಗೆಯ ಹೊರೆಯೂ ಈಗಲೇ ಲೆಕ್ಕದಲ್ಲಿ ಉಬ್ಬುತ್ತದೆ.

ಇಂಡಿಗೊದ 2025ರ ಎರಡು ಫಲಿತಾಂಶಗಳನ್ನು ಪಕ್ಕಪಕ್ಕ ಇಡಿ. ವಾಯುಪ್ರದೇಶ ಮುಚ್ಚಿ, ನಿಲ್ದಾಣಗಳು ಮುಚ್ಚಿ ದೇಶವೇ ಉಸಿರು ಬಿಗಿಹಿಡಿದಿದ್ದ ಏಪ್ರಿಲ್–ಜೂನ್ ಅವಧಿಯಲ್ಲಿ ಲಾಭ ಹಿಂದಿನ ವರ್ಷಕ್ಕಿಂತ ಸುಮಾರು ಶೇ 20ರಷ್ಟು ಇಳಿಯಿತು. ಆದರೂ 2,176 ಕೋಟಿ ಲಾಭ ಇತ್ತು. ಜುಲೈ–ಸೆಪ್ಟೆಂಬರ್‌ನಲ್ಲಿ ನಷ್ಟ 2,582 ಕೋಟಿ. ಆ ನಷ್ಟಕ್ಕೆ ಕಾರಣ ರೂಪಾಯಿ ಜಾರಿದ್ದು. ಕರೆನ್ಸಿ ಏರಿಳಿತದ ಪರಿಣಾಮ ತೆಗೆದರೆ ಕಂಪನಿಗೆ ಸುಮಾರು 104 ಕೋಟಿ ಲಾಭವೇ ಇತ್ತು. ಗದ್ದಲದ ಸುದ್ದಿಗಿಂತ ಸದ್ದಿಲ್ಲದ ಸುದ್ದಿ ಜಾಸ್ತಿ ದುಡ್ಡು ತಿಂದಿತ್ತು, ಅಲ್ವಾ?

ಅಪ್ಪಣೆ. ವಿಮಾನ ಕಂಪನಿ ಸರ್ಕಾರದ ಅಪ್ಪಣೆ ಇಲ್ಲದೆ ಹೊಸ ಊರಿಗೆ ಹಾರುವಂತಿಲ್ಲ, ವಿಮಾನ ಬಾಡಿಗೆಗೆ ತರುವಂತಿಲ್ಲ. 2025ರ ಮೇ 15ರಂದು ಸರ್ಕಾರ ಟರ್ಕಿ ಮೂಲದ ಸೆಲೆಬಿ ಕಂಪನಿಯ ಭದ್ರತಾ ಅನುಮತಿ ರದ್ದು ಮಾಡಿತು. ನಿಲ್ದಾಣಗಳಲ್ಲಿ ವಿಮಾನಗಳ ಸಾಮಾನು, ಸರಕು ನೋಡಿಕೊಳ್ಳುವ ಈ ಕಂಪನಿ ಬೆಂಗಳೂರಿನಲ್ಲೂ ಕೆಲಸ ಮಾಡುತ್ತಿತ್ತು. ಅದೇ ತಿಂಗಳ ಕೊನೆಗೆ, ಟರ್ಕಿಶ್ ಏರ್‌ಲೈನ್ಸ್‌ನಿಂದ ಇಂಡಿಗೊ ಬಾಡಿಗೆಗೆ ತಂದಿದ್ದ ಎರಡು ದೊಡ್ಡ ವಿಮಾನಗಳಿಗೆ ಆರು ತಿಂಗಳು ಕೇಳಿದರೆ ಮೂರೇ ತಿಂಗಳ ಅವಕಾಶ ಸಿಕ್ಕಿತು. ಅಪ್ಪಣೆಯಿಂದ ಒಳ್ಳೆಯದೂ ಆಗುತ್ತದೆ. 2012ರಲ್ಲಿ ವಿದೇಶಿ ವಿಮಾನ ಕಂಪನಿಗಳು ಇಲ್ಲಿ ಶೇ 49ರ ತನಕ ಪಾಲು ಕೊಳ್ಳಬಹುದು ಅಂತ ಸರ್ಕಾರ ಬಾಗಿಲು ತೆರೆದ ಮೇಲೆಯೇ ಜೆಟ್ ಏರ್‌ವೇಸ್‌ಗೆ ಅಬುಧಾಬಿಯ ವಿಮಾನ ಕಂಪನಿ ಎತಿಹಾದ್‌ನ ದುಡ್ಡು ಬಂದದ್ದು.

ಹಂತ 3: ಹಾಳೆ ತಿರುಗಿಸಿ, ಸಾಲ ಬರೆಯಿರಿ

ಜೆಟ್ ಹೆಸರು ಬಂತಲ್ಲ, ಅದರ ಕಥೆಯನ್ನು ಪೂರ್ತಿ ಹೇಳಬೇಕು. 2005ರಲ್ಲಿ ಅದರ ಷೇರು ಜನರಿಗೆ 1,100 ರೂಪಾಯಿಗೆ ಬಂತು. 2019ರ ಏಪ್ರಿಲ್ 17ರಂದು ಕಂಪನಿ ಹಾರಾಟ ನಿಲ್ಲಿಸಿತು. ಆಗ ಲೋಕಸಭೆ ಚುನಾವಣೆ ನಡೆಯುತ್ತಿತ್ತು, ಪಾಕಿಸ್ತಾನದ ವಾಯುಪ್ರದೇಶವೂ ಮುಚ್ಚಿತ್ತು. ಅದೇ ಗಾಳಿಯಲ್ಲೇ ಇಂಡಿಗೊ ಹಾರುತ್ತಿತ್ತು. ಜೆಟ್ ಬಿದ್ದದ್ದು ಸಾಲದಿಂದ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತದ್ದೂ ಹಾಗೇ.

ಹಾರಾಟ ನಿಂತ ಮೇಲೂ ಜೆಟ್ ಷೇರಿನ ವ್ಯಾಪಾರ ನಡೆದೇ ಇತ್ತು. ‘ಹೊಸ ಮಾಲೀಕರು ಬರ್ತಾರೆ, ಸರ್ಕಾರ ಕೈ ಬಿಡಲ್ಲ’ ಅನ್ನುವ ಮಾತು ನಂಬಿ ಕೊಂಡವರಿದ್ದರು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಕಂಪನಿಯ ಆಸ್ತಿ ಮಾರಿ ಮುಚ್ಚಲು ಆದೇಶ ಮಾಡಿತು. ಹಾಗೆ ಮುಚ್ಚುವಾಗ ಬ್ಯಾಂಕ್, ನೌಕರರು, ಉಳಿದ ಸಾಲಗಳೆಲ್ಲ ಮುಂದೆ. ಷೇರುದಾರ ಸಾಲಿನ ಕಟ್ಟಕಡೆ. ಅವರ ನೋವು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಆದ್ದರಿಂದ ಹಾಳೆಯ ಹಿಂದೆ ಮೂರು ವಿಷಯ ಬರೆಯಿರಿ: ಕೈಯಲ್ಲಿರುವ ನಗದು, ಒಟ್ಟು ಸಾಲ, ಸಂಬಳ ಮತ್ತು ವಿಮಾನದ ಬಾಡಿಗೆ ಹೊತ್ತಿಗೆ ಸರಿಯಾಗಿ ಹೋಗುತ್ತಿದೆಯಾ. ಮೊದಲೆರಡು ಕಂಪನಿಯ ತ್ರೈಮಾಸಿಕ ಫಲಿತಾಂಶದಲ್ಲಿ ಸಿಗುತ್ತವೆ. ಫಲಿತಾಂಶ ಷೇರುಪೇಟೆಗಳಾದ ಎನ್‌ಎಸ್‌ಇ, ಬಿಎಸ್‌ಇ ವೆಬ್‌ಸೈಟ್‌ಗಳಲ್ಲಿ ಪುಕ್ಕಟೆ ಇರುತ್ತದೆ. ಮೂರನೆಯದು ಪತ್ರಿಕೆ ಓದಿದರೆ ಗೊತ್ತಾಗುತ್ತದೆ. ನಗದು ಗಟ್ಟಿ ಇರುವ ಕಂಪನಿ ಹಾಳೆಯ ಮುಂಭಾಗದ ನಾಲ್ಕು ಮನೆಗಳ ಪೆಟ್ಟು ತಡೆದುಕೊಳ್ಳುತ್ತದೆ. ಇಲ್ಲದಿದ್ದರೆ ಚಿಕ್ಕ ಸುದ್ದಿಯೂ ಅದಕ್ಕೆ ದೊಡ್ಡದು. ಆಗ ಮಾರುವುದು ಹೆದರಿಕೆ ಅಲ್ಲ, ಸರಿಯಾದ ಕೆಲಸ.

ಹಂತ 4: ಆರ್ಡರ್ ಹಾಕುವಾಗ

ಮಾರಲೇಬೇಕು ಅಂತ ತೀರ್ಮಾನ ಆದರೂ ಬೆಳಿಗ್ಗೆ 9.15ಕ್ಕೆ ಪೇಟೆ ತೆರೆದ ಕೂಡಲೇ ಕೈ ಹಾಕಬೇಡಿ. ರಾತ್ರಿಯ ಭಯವೆಲ್ಲ ಮೊದಲ ಅರ್ಧ ಗಂಟೆಯಲ್ಲಿ ಸುರಿಯುತ್ತದೆ. ಆ ಕ್ಷಣಕ್ಕೆ ಸಿಕ್ಕ ಬೆಲೆಗೆ ಮಾರುವ ಮಾರ್ಕೆಟ್ ಆರ್ಡರ್ ಬಿಟ್ಟು, ನಿಮಗೆ ಬೇಕಾದ ಬೆಲೆ ಹಾಕಿ ಲಿಮಿಟ್ ಆರ್ಡರ್ ಕೊಡಿ.

‘ಸ್ಟಾಪ್‌ಲಾಸ್ ಇದೆ, ಚಿಂತೆ ಇಲ್ಲ’ ಅನ್ನುವವರಿಗೆ ಇದು ತಿಳಿದಿರಲಿ. ಸ್ಟಾಪ್‌ಲಾಸ್ ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಅಂತ ಮೊದಲೇ ಕೊಟ್ಟಿಡುವ ಆರ್ಡರ್. ಷೇರು ಸಂಜೆ 1,000ಕ್ಕೆ ಮುಗಿದಿದೆ, ನೀವು 970ಕ್ಕೆ ಸ್ಟಾಪ್‌ಲಾಸ್ ಇಟ್ಟಿದ್ದೀರಿ ಅನ್ನಿ. ರಾತ್ರಿ ಗಡಿಯಲ್ಲಿ ಏನೋ ಆಯಿತು, ಬೆಳಿಗ್ಗೆ ಷೇರು ಸೀದಾ 930ಕ್ಕೆ ತೆರೆಯಿತು. 970ರಲ್ಲಿ ವ್ಯಾಪಾರವೇ ನಡೆದಿಲ್ಲ. ನಿಮ್ಮದು 930ರ ಆಸುಪಾಸಿನಲ್ಲಿ ಹೋಗುತ್ತದೆ, ಅಥವಾ ಹೋಗುವುದೇ ಇಲ್ಲ. ರಾಜಕೀಯ ಸುದ್ದಿ ಬರುವುದು ಹೆಚ್ಚಾಗಿ ಪೇಟೆ ಮುಚ್ಚಿದ ಮೇಲೆ.

ಬ್ರೋಕರ್ ಕೊಡುವ ಸಾಲದಲ್ಲಿ, ಅಂದರೆ ಎಂಟಿಎಫ್‌ನಲ್ಲಿ ವಿಮಾನ ಕಂಪನಿ ಷೇರು ಕೊಳ್ಳಲೇಬೇಡಿ. ಬೆಲೆ ಬಿದ್ದು ಮಾರ್ಜಿನ್, ಅಂದರೆ ಅದರಲ್ಲಿ ನಿಮ್ಮ ಸ್ವಂತ ದುಡ್ಡಿನ ಪಾಲು, ಕಡಿಮೆಯಾದರೆ ಮಾರುವ ನಿರ್ಧಾರ ನಿಮ್ಮ ಕೈಯಲ್ಲಿ ಇರುವುದಿಲ್ಲ. ತೆರಿಗೆಯನ್ನೂ ನೋಡಿ: ಕೊಂಡು ವರ್ಷ ತುಂಬುವ ಮೊದಲು ಲಾಭಕ್ಕೆ ಮಾರಿದರೆ 2024ರ ಜುಲೈ 23ರಿಂದ ಶೇ 20 ತೆರಿಗೆ.

ಚಿಕ್ಕಪ್ಪ ಆಮೇಲೆ ಮತ್ತೆ ಹತ್ತು ಷೇರು ಕೊಂಡರು. 2025ರ ಏಪ್ರಿಲ್ 26, ಶನಿವಾರ, ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದರು. ಹಳೆ ಕ್ಯಾಲೆಂಡರ್ ಹಾಳೆಯ ಹಿಂಭಾಗ, ನಾಲ್ಕು ಮಡಿಕೆ. ದಾರಿಯ ಮನೆಯಲ್ಲಿ ‘ಅಲ್ಮಾಟಿ, ತಾಷ್ಕೆಂಟ್ ಬಂದ್. ಬಾಕಿ ಸುತ್ತಿ ಹೋಗುತ್ತೆ’ ಅಂತ ನೀಲಿ ಪೆನ್ನಲ್ಲಿ ಬರೆದಿದ್ದರು. ಎಣ್ಣೆಯ ಮನೆಯಲ್ಲಿ ‘1ನೇ ತಾರೀಖು ನೋಡಬೇಕು’. ಡಾಲರ್ ಮನೆಯಲ್ಲಿ ಒಂದು ಪ್ರಶ್ನೆ ಗುರುತು. ಕೆಳಗೆ ಕೇಳಿದ್ದರು: ‘ಸಾಲದ ಲೆಕ್ಕ ಫಲಿತಾಂಶದಲ್ಲಿ ಯಾವ ಪುಟದಲ್ಲಿರುತ್ತೋ?’